ನೀರು ನೋಡಿ ಸೋಪು

ಸಾಗರದಿಂದ ಚಳ್ಳಕೆರೆಗೆ ಅಪ್ಪಯ್ಯನಿಗೆ ವರ್ಗವಾದ ವರ್ಷ ಅಮ್ಮ ಬೇಳೆಯನ್ನು ಬೈದಳು, ಅಪ್ಪಯ್ಯ ಸೋಪನ್ನು ಬೈದರು. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕರಗದೆ ಕಾಳುಕಾಳಾಗಿ ನಿಲ್ಲುತ್ತಿತ್ತು. ಗಡ್ಡಕ್ಕೆ ತಿಕ್ಕಿದ ಸೋಪು ನೊರೆಯಾಗದೆ ಬಿಳಿ ಗಸಿಯಾಗಿ ಕೂದಲ ಬುಡಕ್ಕೆ ಅಂಟುತ್ತಿತ್ತು. ಅಂಗಡಿ ಬದಲಾಯಿಸಿ ಬೇಳೆ ತಂದದ್ದಾಯಿತು, ಪೇಟೆಗೆ ಹೋಗಿ ಹೊಸ ಸೋಪು ತಂದದ್ದಾಯಿತು. ಕೊನೆಗೆ ಓಣಿಯ ಅಜ್ಜಿಯೊಬ್ಬರು ಅಮ್ಮನಿಗೆ ಹೇಳಿದರು: "ಬ್ಯಾಳೆ ಏನ್ ಮಾಡೀತವ್ವಾ, ನೀರು ಗಡಸು. ಅಡಿಗೀಗೆ ಸೀನೀರು ಬ್ಯಾರೆ ತರ್ಬೇಕು." ಅಮ್ಮನಿಗೆ ಆ ಮಾತು ಆ ದಿನವೇ ಹಿಡಿಯಿತು. ಗಡ್ಡದ ಸೋಪಿಗೂ ಬೇಳೆಗೂ ಕಾಯಿಲೆ ಒಂದೇ ಎಂದು ಮೊದಲು ಕಂಡುಕೊಂಡವಳೂ ಅವಳೇ.

ಗಡ್ಡದ ಸೋಪಿನ ಕಡ್ಡಿಯನ್ನು ಹೇಗೆ ಆರಿಸಬೇಕು ಎಂದು ಈಚೆಗೆ ನನ್ನನ್ನು ಕೇಳುವ ಹುಡುಗರಿದ್ದಾರೆ. ಅವರು ಕೇಳುವುದು ಪರಿಮಳ, ಬೆಲೆ, ಯಾವ ದೇಶದ್ದು ಎಂದು. ನಾನು ತಿರುಗಿ ಕೇಳುವುದು ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ ಎಂದು. ಬಹಳ ಊರುಗಳ ನೀರಿನಲ್ಲಿ ಮುಖ ತೊಳೆದ ಮೇಲೆ ನನಗೆ ಗಟ್ಟಿಯಾಗಿ ಗೊತ್ತಾಗಿರುವ ಸಂಗತಿ ಇದೊಂದೇ.

ಅಪ್ಪಯ್ಯ ಭೂಮಾಪನ ಇಲಾಖೆಯಲ್ಲಿ ಮೋಜಣಿ ಕೆಲಸದವರು. 1974ರ ಮಾರ್ಚ್‌ನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಸಾಗರ, ಸೊರಬ, ಹೊಸನಗರದ ಕಡೆ ಗೇಣಿದಾರರ ಅರ್ಜಿಗಳ ರಾಶಿ ಬಿದ್ದಿತು. ಕಾಗೋಡಿನ ರೈತರು 1951ರಲ್ಲಿ ಸತ್ಯಾಗ್ರಹ ಮಾಡಿದ ತಾಲ್ಲೂಕು ನಮ್ಮದು. ಉಳುವ ನೆಲದ ಗಡಿ ಗುರುತಾಗುವುದೆಂದರೆ ಅಲ್ಲಿಯ ಜನಕ್ಕೆ ಹಬ್ಬಕ್ಕಿಂತ ದೊಡ್ಡದು. 33 ಅಡಿಯ ಸರಪಳಿ, ಅಡ್ಡಕಟ್ಟಿಗೆ, ನಕ್ಷೆಯ ಬಟ್ಟೆ ಹೊತ್ತುಕೊಂಡು ಅಪ್ಪಯ್ಯ ವಾರಗಟ್ಟಲೆ ಹಳ್ಳಿಗಳಲ್ಲೇ ಉಳಿಯುತ್ತಿದ್ದರು. ಅವರ ಕೈಚೀಲದಲ್ಲಿ ಗಡ್ಡದ ಸಾಮಾನಿಗೆ ಇದ್ದ ಜಾಗ ಒಂದು ಕನ್ನಡಕದ ಡಬ್ಬಿಯಷ್ಟು. ಅದರೊಳಗೆ ಬಿಚ್ಚಿ ಜೋಡಿಸುವ ರೇಜರ್, ಕಾಗದದಲ್ಲಿ ಸುತ್ತಿದ ಎರಡು ಬ್ಲೇಡು, ಕೆಂಪು ಹಿಡಿಯ ಬ್ರಶ್ಶು, ಹೆಬ್ಬೆರಳಿಗಿಂತ ತುಸು ದಪ್ಪನೆಯ ಸೋಪಿನ ಕಡ್ಡಿ.

ಬಟ್ಟಲಿನ ಸೋಪು ಅವರಿಗೆ ಒಗ್ಗುತ್ತಿರಲಿಲ್ಲ. ಉಳಿದುಕೊಳ್ಳುವ ಮನೆಯವರಲ್ಲಿ ಬಟ್ಟಲು ಕೇಳುವುದು ಅವರ ಸ್ವಭಾವಕ್ಕೆ ಹೊಂದುವ ಮಾತಾಗಿರಲಿಲ್ಲ. ಕಡ್ಡಿಗೆ ಬಟ್ಟಲೇ ಬೇಡ. ಒದ್ದೆ ಕೆನ್ನೆಯ ಮೇಲೆ ಕಡ್ಡಿಯನ್ನು ಕೂದಲಿನ ಎದುರುದಿಕ್ಕಿಗೆ ತಿಕ್ಕಿದರೆ ಕೂದಲೇ ಸೋಪನ್ನು ಹೆರೆದು ಬುಡದಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಬ್ರಶ್ಶಿಗೆ ನೀರು ಮುಟ್ಟಿಸಿ ತಿರುಗಿಸಿದರಾಯಿತು. ಕೆನ್ನೆಯೇ ಬಟ್ಟಲು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕಡ್ಡಿ ಸೋಪು ಪ್ರಯಾಣಿಕರಿಗೂ ಸೈನಿಕರಿಗೂ ಹತ್ತಿರವಾದದ್ದು ಇದೇ ಕಾರಣಕ್ಕೆ. ಅಮೆರಿಕದ ವಿಲಿಯಮ್ಸ್, ಕೋಲ್ಗೇಟ್ ಕಂಪನಿಗಳು ತಗಡಿನ ಕೊಳವೆಯಲ್ಲಿಟ್ಟು ಮಾರುತ್ತಿದ್ದ ಕಡ್ಡಿಗಳು ಯುದ್ಧಭೂಮಿಗೂ ಹೋಗಿ ಬಂದಿವೆ. ಕೋಲ್ಗೇಟಿನ ಒಂದು ಕಡ್ಡಿಗೆ ಬುಡದಲ್ಲಿ ತಿರುಪಿನ ಲೋಹದ ಹಿಡಿ ಇರುತ್ತಿತ್ತು. ಸವೆದು ಉಳಿದ ಚೂರನ್ನು ಒದ್ದೆ ಮಾಡಿ ಹೊಸ ಕಡ್ಡಿಯ ತಲೆಗೆ ಅಂಟಿಸಿ ಎಂದು ಅವರೇ ಜಾಹೀರಾತಿನಲ್ಲಿ ಹೇಳಿಕೊಡುತ್ತಿದ್ದರು. ಅಪ್ಪಯ್ಯ ಆ ಜಾಹೀರಾತು ಕಂಡವರಲ್ಲ, ಆದರೂ ಹಾಗೇ ಅಂಟಿಸುತ್ತಿದ್ದರು. ಒಂದು ಚೂರೂ ದಂಡವಾಗದ ಸೋಪು ಅದು.

ಸಾಗರದ ನಮ್ಮ ಬಾವಿಯ ನೀರಿಗೆ ಸೋಪು ತೋರಿಸಿದರೆ ಸಾಕಿತ್ತು. ಕೆಂಪು ಜಂಬಿಟ್ಟಿಗೆಯ ನೆಲ, ಲೆಕ್ಕವಿಲ್ಲದ ಮಳೆ. ನೆಲದಲ್ಲಿದ್ದ ಸುಣ್ಣವನ್ನೆಲ್ಲ ಮಳೆ ಯಾವ ಕಾಲದಲ್ಲೋ ತೊಳೆದುಕೊಂಡು ಹೋಗಿದೆ. ಅಲ್ಲಿ ನೊರೆ ಎಬ್ಬಿಸುವುದು ಕಷ್ಟವಲ್ಲ, ತೊಳೆದುಕೊಳ್ಳುವುದೇ ಕಷ್ಟ. ನಾಲ್ಕು ಬೊಗಸೆ ನೀರು ಹಾಕಿದರೂ ಕೆನ್ನೆ ಜಾರುತ್ತಲೇ ಇರುತ್ತದೆ.

ಅಜ್ಜನಿಗೆ ಕೊನೆಯವರೆಗೂ ಮನೆಯಲ್ಲಿ ಕ್ಷೌರ ಮಾಡಲು ಬರುತ್ತಿದ್ದವರು ಹಡಪ ಹಿಡಿದ ಒಬ್ಬ ಹಿರಿಯರು. ಬ್ಲೇಡು, ಸೋಪು ಎಲ್ಲ ಬಂದ ಮೇಲೂ ಅವರ ಹಡಪದಲ್ಲಿ ಇದ್ದದ್ದು ಮಡಚುವ ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ, ಪಟಿಕದ ತುಂಡು, ಹಿತ್ತಾಳೆಯ ಪುಟ್ಟ ಗಿಂಡಿ. ಸೋಪು ಬಳಸುತ್ತಿದ್ದದ್ದು ಕಡಿಮೆ. ಗಿಂಡಿಯ ಬಿಸಿನೀರಲ್ಲಿ ಬೆರಳದ್ದಿ ಅಜ್ಜನ ಗಲ್ಲ, ಗದ್ದ, ಮೀಸೆಯ ಕೆಳಗೆ ತಿಕ್ಕುತ್ತ ಕೂರುತ್ತಿದ್ದರು. ಊರ ಸುದ್ದಿಯೆಲ್ಲ ಮುಗಿಯುವವರೆಗೂ ತಿಕ್ಕುತ್ತಿದ್ದರು. ಅಜ್ಜ ಅವಸರ ಮಾಡಿದರೆ, "ಕುಡೀಲಿ ಬಿಡಿ ಅಯ್ಯಾ. ಕೂದ್ಲು ನೀರು ಕುಡ್ದ್ ಮೇಲೆ ಕತ್ತಿ ತಾನಾಗೇ ಓಡ್ತದೆ" ಎನ್ನುತ್ತಿದ್ದರು.

ಗಡ್ಡದ ವಿಚಾರದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ. ಗಡ್ಡದ ಒಣಕೂದಲು ಬಿರುಸು. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಅದು ನೀರು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಆಗ ಕತ್ತರಿಸಲು ಬೇಕಾಗುವ ಬಲ ಬಹಳ ಕಡಿಮೆ. ಸೋಪಿನ ಕೆಲಸ ಅದಾದ ಮೇಲೆ. ಕೂದಲಿಗೆ ಮೆತ್ತಿದ ಎಣ್ಣೆಯ ಪಸೆ ತೆಗೆಯುವುದು, ಕೂದಲು ಕುಡಿದ ನೀರು ಆರದಂತೆ ನೊರೆಯ ಕಂಬಳಿ ಹೊದೆಸುವುದು, ಬ್ಲೇಡು ಜಾರುವಂತೆ ಮಾಡುವುದು. ನೀರಿನ ಕೆಲಸವನ್ನು ಸೋಪಿನಿಂದ ಮಾಡಿಸಲು ಹೋದರೆ ಎಷ್ಟು ದುಬಾರಿ ಕಡ್ಡಿ ತಂದರೂ ಕೆನ್ನೆ ಉರಿಯುತ್ತದೆ.

ಚಳ್ಳಕೆರೆಗೆ ಬಂದ ಮೇಲೆ ನೀರು ತಾನು ಯಾರೆಂದು ತೋರಿಸಿತು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೊಂದು. ನಮ್ಮ ಓಣಿಯ ಬಾವಿಯ ನೀರು ಕಣ್ಣಿಗೆ ಕನ್ನಡಿಯಂತೆ ತಿಳಿ, ನಾಲಿಗೆಗೆ ಸವಳು. ಹಂಡೆಯ ತಳದಲ್ಲಿ ತಿಂಗಳೊಳಗೆ ಸುಣ್ಣದ ಪದರ ಕಟ್ಟಿತು. ಆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೇಳೆಯೊಳಗಿನ ಅಂಟನ್ನು ಬಿಗಿ ಮಾಡುತ್ತವೆ, ಅದಕ್ಕೇ ಬೇಳೆ ಒಡೆಯುವುದಿಲ್ಲ. ಅವೇ ಸೋಪಿನ ಕೊಬ್ಬಿನ ಆಮ್ಲವನ್ನು ಹಿಡಿದು ನೀರಿನಲ್ಲಿ ಕರಗದ ಗಸಿ ಮಾಡುತ್ತವೆ, ಅದಕ್ಕೇ ನೊರೆ ಏಳುವುದಿಲ್ಲ. ನೀರಿನಲ್ಲಿರುವ ಸುಣ್ಣಕ್ಕೆ ಬೇಕಾದಷ್ಟು ಸೋಪನ್ನು ಮೊದಲು ಬಲಿಕೊಟ್ಟ ಮೇಲೆಯೇ ಉಳಿದ ಸೋಪು ನೊರೆಯಾಗುವುದು.

ಅಮ್ಮ ಒಂದು ಉಪಾಯ ಕಂಡುಹಿಡಿದಳು. ರಾತ್ರಿ ಹಂಡೆಯಲ್ಲಿ ನೀರು ಚೆನ್ನಾಗಿ ಕುದಿಸಿ ಬಿಡುವುದು. ಬೆಳಗಾಗುವಷ್ಟರಲ್ಲಿ ಬಿಳಿ ಪುಡಿ ತಳ ಸೇರಿರುತ್ತದೆ. ಮೇಲಿನ ನೀರನ್ನು ಕಲಕದಂತೆ ತೋಡಿ ಒಂದು ಚೊಂಬು ಅಪ್ಪಯ್ಯನ ಗಡ್ಡಕ್ಕೆ, ಒಂದು ಪಾತ್ರೆ ಬೇಳೆಗೆ. ಗಡಸುತನದಲ್ಲಿ ಕುದಿಸಿದರೆ ಹೋಗುವ ಒಂದು ಪಾಲಿದೆ, ಕುದಿಸಿದರೂ ಹೋಗದ ಇನ್ನೊಂದು ಪಾಲಿದೆ ಎಂದು ನನ್ನ ಹೈಸ್ಕೂಲಿನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಆ ವರ್ಷವೇ ಪಾಠವಿತ್ತು. ಓದಿ ಹೇಳಿದೆ. "ಹೋಗೋ ಪಾಲು ಹೋದ್ರೆ ಸಾಕಪ್ಪ, ಉಳಿದಿದ್ದನ್ನ ಸೋಪು ನೋಡ್ಕೊಳ್ತದೆ" ಎಂದಳು. ಅದೇ ಸರಿಯಾದ ಲೆಕ್ಕ. ಬಟ್ಟಲಿನಲ್ಲಿ ನೀರು ಹೆಚ್ಚು, ಸೋಪು ಕಡಿಮೆ ಬೆರೆಯುತ್ತದೆ. ಗಡಸು ನೀರಿನ ಎದುರು ಆ ಸೋಪು ಸೋಲುತ್ತದೆ. ಕಡ್ಡಿಯನ್ನು ಕೆನ್ನೆಗೆ ನೇರವಾಗಿ ತಿಕ್ಕಿದಾಗ ಮೊದಲು ಸೋಪು ದಟ್ಟವಾಗಿ ಕೂರುತ್ತದೆ, ನೀರು ಆಮೇಲೆ ಹನಿಹನಿಯಾಗಿ ಬರುತ್ತದೆ. ಬಯಲುಸೀಮೆಗೆ ಕಡ್ಡಿಯಷ್ಟು ಹೊಂದುವ ಸೋಪು ಬೇರೆ ಇಲ್ಲ ಎಂದು ನಾನು ನಂಬಿರುವುದು ಈ ಕಾರಣಕ್ಕೆ.

ನನಗೆ ಮೀಸೆ ಕಪ್ಪಿಟ್ಟದ್ದು ಅದೇ ಮನೆಯಲ್ಲಿ. ಮೊದಲ ಸಲ ಕೆನ್ನೆಗೆ ಕಡ್ಡಿ ತಿಕ್ಕಿಕೊಟ್ಟವರು ಅಪ್ಪಯ್ಯ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಬಿಟ್ಟು ಒಳ್ಳೆಯ ವಾರ ನೋಡಿ, ಹಿತ್ತಿಲ ಗೋಡೆಗೆ ಕನ್ನಡಿ ಸಿಕ್ಕಿಸಿ, ತಮ್ಮ ಕಡ್ಡಿಯನ್ನೇ ಕೊಟ್ಟರು. ಮನೆಯಲ್ಲಿ ಯಾರ ಟವೆಲ್ಲನ್ನೂ ಯಾರೂ ಮುಟ್ಟದಷ್ಟು ಮಡಿವಂತರು ಅವರು. ಕಡ್ಡಿ ಕೊಟ್ಟದ್ದು ನನಗೆ ದೊಡ್ಡ ಸಂಗತಿಯಾಗಿ ಕಂಡಿತ್ತು. ಸೋಪಿನ ಮೇಲ್ಮೈಯನ್ನು ನೀರಿನಲ್ಲಿ ತೊಳೆದು, "ಒತ್ತಬೇಡ, ಕೂದಲಿಗೆ ಎದುರಾಗಿ ಎಳಿ ಅಷ್ಟೇ" ಎಂದರು. ಬ್ರಶ್ಶು ತಿರುಗಿಸುವಾಗ ನೀರು ಯಾವಾಗ ಸೇರಿಸಬೇಕು ಎಂಬುದನ್ನು ಅವರು ಬಾಯಲ್ಲಿ ಹೇಳಲಿಲ್ಲ. ನೊರೆ ಮಂಕಾಗಿ ಒಣಗಿದಂತೆ ಕಂಡಾಗ ನನ್ನ ಕೈ ಹಿಡಿದು ಬ್ರಶ್ಶಿನ ತುದಿಯನ್ನು ಚೊಂಬಿನೊಳಗೆ ಮುಟ್ಟಿಸುತ್ತಿದ್ದರು. ಕೆನೆಮೊಸರನ್ನು ಕದಡಿದ ಹಾಗೆ ಹೊಳಪು ಬಂದು, ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವಾದಾಗ ಕೈ ಬಿಟ್ಟರು. ಇಂದಿಗೂ ನಾನು ನೊರೆಯನ್ನು ಅಳೆಯುವುದು ಆ ಹೊಳಪಿನಿಂದಲೇ.

ಆಗ ನಮ್ಮ ಮನೆಯ ಸ್ನಾನದ ಸೋಪು ಮೈಸೂರು ಸ್ಯಾಂಡಲ್. ಅಷ್ಟು ಒಳ್ಳೆಯ ಸೋಪು ಇರುವಾಗ ಗಡ್ಡಕ್ಕೆ ಬೇರೆ ಏಕೆ ಎಂದು ಕೇಳಿದ್ದೆ. ಅಪ್ಪಯ್ಯ ಅದನ್ನು ಎಂದೂ ಗಡ್ಡಕ್ಕೆ ಹಚ್ಚಿದವರಲ್ಲ, ಕಾರಣವನ್ನು ಬಿಡಿಸಿ ಹೇಳಿದವರೂ ಅಲ್ಲ. ಕಾರಣ ನನಗೆ ತಿಳಿದದ್ದು ಮುಂದೆ. ಸ್ನಾನದ ಸೋಪನ್ನು ಕಾಸ್ಟಿಕ್ ಸೋಡಾದಿಂದ ಮಾಡುತ್ತಾರೆ. ಅದು ಗಟ್ಟಿ, ಬಹಳ ದಿನ ಬರುತ್ತದೆ, ನೊರೆ ಬೇಗ ಎದ್ದು ಬೇಗ ಒಡೆಯುತ್ತದೆ. ಮೈ ತೊಳೆಯಲು ಅದೇ ಸರಿ. ಗಡ್ಡದ ಸೋಪಿಗೆ ಸೋಡಾದ ಜೊತೆಗೆ ಪೊಟ್ಯಾಷಿಯಂ ಕ್ಷಾರವೂ ಬೇಕು. ಪೊಟ್ಯಾಷಿಯಂ ಸೋಪು ಮೆತ್ತಗೆ, ನೀರಿನಲ್ಲಿ ಬೇಗ ಕರಗುತ್ತದೆ, ದಟ್ಟ ನೊರೆ ಕೊಡುತ್ತದೆ. ಅದೊಂದೇ ಇದ್ದರೆ ಟ್ಯೂಬಿನಲ್ಲಿ ತುಂಬುವ ಕ್ರೀಮು. ಸೋಡಾ ಸೇರಿದರೆ ನಿಲ್ಲುವ ಕಡ್ಡಿ. ಇನ್ನೊಂದು ಸ್ಟಿಯರಿಕ್ ಆಮ್ಲ. ನೊರೆಯನ್ನು ಒಡೆಯದಂತೆ ಹಿಡಿದು ನಿಲ್ಲಿಸುವುದು ಅದು. ತೆಂಗಿನೆಣ್ಣೆ ಹೆಚ್ಚಿದರೆ ದೊಡ್ಡ ದೊಡ್ಡ ಗುಳ್ಳೆ, ಸ್ಟಿಯರಿಕ್ ಹೆಚ್ಚಿದರೆ ಸಣ್ಣ, ಭಾರದ, ಮುಖದ ಮೇಲೆ ಕೂತು ಬಿಡುವ ನೊರೆ.

ಬೆಂಗಳೂರಿಗೆ ಓದಲು ಬಂದಾಗ ಕಡ್ಡಿಯ ಕಾಲ ಮುಗಿಯುತ್ತ ಬಂದಿತ್ತು. ಟ್ಯೂಬಿನ ಕ್ರೀಮುಗಳು ಅಂಗಡಿಯ ಮುಂಭಾಗಕ್ಕೆ ಬಂದಿದ್ದವು. ವಿಶ್ವಕಪ್ ಗೆದ್ದು ಬಂದ ಕಪಿಲ್ ದೇವ್ ಟಿವಿಯಲ್ಲಿ ಪಾಮೋಲಿವ್ ಕ್ರೀಮು ಹಚ್ಚಿಕೊಂಡು ನಗುತ್ತಿದ್ದರು. ಹಾಸ್ಟೆಲಿನಲ್ಲಿ ಎಲ್ಲರ ಬಕೆಟ್ಟಿನಲ್ಲೂ ಟ್ಯೂಬು. ನನಗೆ ಟ್ಯೂಬಿನ ಮೇಲೆ ಸಿಟ್ಟಿಲ್ಲ, ಅವಸರದ ಬೆಳಗಿಗೆ ಅದು ಬೇಕು. ಆದರೆ ಟ್ಯೂಬಿನೊಳಗೆ ದೊಡ್ಡ ಪಾಲು ನೀರು. ನಮ್ಮದೇ ನಲ್ಲಿಯಲ್ಲಿ ಬರುವ ವಸ್ತುವಿಗೆ ಹಣ ಕೊಟ್ಟು ತರುವುದು ಮೋಜಣಿದಾರನ ಮಗನಿಗೆ ಒಪ್ಪಿಗೆಯಾಗಲಿಲ್ಲ. ಅವೆನ್ಯೂ ರಸ್ತೆಯ ಒಳಗಲ್ಲಿಗಳಲ್ಲಿ ಹಳೆಯ ಅಂಗಡಿಗಳನ್ನು ಹುಡುಕಿ ಕಡ್ಡಿ ತರುತ್ತಿದ್ದೆ. 1974ರಲ್ಲಿ ಕಾವೇರಿ ನೀರು ಊರಿಗೆ ಬಂದಿದ್ದರಿಂದ ನಮ್ಮ ಹಾಸ್ಟೆಲಿನ ನಲ್ಲಿಯಲ್ಲಿ ಮೆದುನೀರು ಸಿಗುತ್ತಿತ್ತು. ಚಳ್ಳಕೆರೆಯಲ್ಲಿ ಒಂದು ಕೆನ್ನೆಗೆ ಬೇಕಾಗುತ್ತಿದ್ದ ಸೋಪಿನಲ್ಲಿ ಇಡೀ ಮುಖ ಮುಗಿಯುತ್ತಿತ್ತು.

1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆಸಿದ ಸುದ್ದಿ ದೇಶವನ್ನೆಲ್ಲ ಕಲಕಿತು. ಅಮ್ಮ ಪತ್ರ ಬರೆದಳು, ಎಣ್ಣೆಯ ಡಬ್ಬದ ಮೇಲೆ ಮಾತ್ರವಲ್ಲ, ಸೋಪಿನ ಕಾಗದದ ಮೇಲೆ ಏನು ಬರೆದಿದೆ ಎಂದೂ ಓದು ಎಂದು. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದುವ ಅಭ್ಯಾಸ ನನಗೆ ಅಂಟಿದ್ದು ಆಗಿನಿಂದ. ಟ್ಯಾಲೋ ಎಂದರೆ ಪ್ರಾಣಿಯ ಕೊಬ್ಬು. ಗಡ್ಡದ ಸೋಪಿಗೆ ಜಗತ್ತಿನಲ್ಲೆಲ್ಲ ಹೆಚ್ಚು ಬಳಕೆಯಾದದ್ದು ಅದೇ, ಏಕೆಂದರೆ ಅದರಲ್ಲಿ ಸ್ಟಿಯರಿಕ್ ಆಮ್ಲ ಸಹಜವಾಗಿಯೇ ಧಾರಾಳವಾಗಿದೆ. ನಮ್ಮ ದೇಶದಲ್ಲಿ ಪ್ರಾಣಿಕೊಬ್ಬು ಬೇಡವೆನ್ನುವವರ ಸಂಖ್ಯೆ ದೊಡ್ಡದು. ಅರ್ದೇಶಿರ್ ಗೋದ್ರೆಜ್ 1918-19ರ ಹೊತ್ತಿಗೇ ಬರೀ ಸಸ್ಯಜನ್ಯ ಎಣ್ಣೆಯಿಂದ ಸ್ನಾನದ ಸೋಪು ಮಾಡಿ ತೋರಿಸಿದರು. ತಾಳೆ ಎಣ್ಣೆಯಿಂದಲೂ ಸ್ಟಿಯರಿಕ್ ಆಮ್ಲ ತೆಗೆಯಬಹುದು. ಹಾಗಾಗಿ ಕೊಬ್ಬಿಲ್ಲದಿದ್ದರೆ ನೊರೆ ನಿಲ್ಲದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡನ್ನೂ ಕೆನ್ನೆಯ ಮೇಲೆ ನೋಡಿ ಹೇಳುತ್ತಿರುವ ಮಾತು ಇದು.

ಹಾಗೆ ನೋಡುವ ಅವಕಾಶ ಸಿಕ್ಕಿದ್ದು ಜರ್ಮನಿಯಲ್ಲಿ. ಕಂಪನಿಯ ಕೆಲಸದ ಮೇಲೆ ಸ್ಟುಟ್‌ಗಾರ್ಟಿನಲ್ಲಿ ಕೆಲವು ವರ್ಷ ಇದ್ದೆ. ಮೊದಲ ವಾರ ಬಟ್ಟೆ ಒಗೆಯುವ ಪುಡಿ ತರಲು ಹೋದಾಗ ಪೊಟ್ಟಣದ ಹಿಂದೆ ಒಂದು ಪಟ್ಟಿ ಕಂಡಿತು: ಮೆದುನೀರಿಗೆ ಇಷ್ಟು ಪುಡಿ, ಮಧ್ಯಮಕ್ಕೆ ಇಷ್ಟು, ಗಡಸಿಗೆ ಇಷ್ಟು. ಆ ದೇಶದಲ್ಲಿ ನೀರಿನ ಗಡಸುತನ ಸರ್ಕಾರವೇ ಮೂರು ದರ್ಜೆ ಮಾಡಿದ ವಿಷಯ. ನಿಮ್ಮ ಬೀದಿಗೆ ಬರುವ ನೀರು ಯಾವ ದರ್ಜೆಯದು ಎಂದು ನೀರು ಕೊಡುವ ಸಂಸ್ಥೆ ತಿಳಿಸಬೇಕು. ಅಮ್ಮ ಬೇಳೆ ಬೇಯಿಸಿ ಕಂಡುಕೊಂಡದ್ದನ್ನು ಇವರು ಅಂಕಿಯಲ್ಲಿ ಬರೆದಿಟ್ಟಿದ್ದಾರೆ ಎಂದು ಬಹಳ ಸಂತೋಷವಾಯಿತು. ನಾನಿದ್ದ ಬಡಾವಣೆಗೆ ಬರುತ್ತಿದ್ದದ್ದು ಬೋಡೆನ್‌ಸೇ ಸರೋವರದ ನೀರು. ಸಿಪ್ಲಿಂಗನ್ ಎಂಬಲ್ಲಿ 60 ಮೀಟರ್ ಆಳದಿಂದ ಎತ್ತಿ 1958ರಿಂದ ಕೊಳವೆಯಲ್ಲಿ ಉತ್ತರಕ್ಕೆ ಸಾಗಿಸುತ್ತಾರೆ. ಅವರ ಮಾಪಕದಲ್ಲಿ ಅದು ಸುಮಾರು 9 ಡಿಗ್ರಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 160 ಮಿಲಿಗ್ರಾಮಿನಷ್ಟು. ಸಾಗರಕ್ಕೂ ಚಳ್ಳಕೆರೆಗೂ ನಡುವಿನ ನೀರು.

ಅಲ್ಲಿ ಕಡ್ಡಿ ಇನ್ನೂ ಬದುಕಿತ್ತು. ಸಾಮಾನ್ಯ ಅಂಗಡಿಯ ಕೆಳಗಿನ ಸಾಲಿನಲ್ಲಿ ಪಾಮೋಲಿವ್ ಕಡ್ಡಿ, 50 ಗ್ರಾಂ, ಬೆಲೆ ಅಗ್ಗ. ಸ್ವಲ್ಪ ಮೇಲಿನ ಸಾಲಿನಲ್ಲಿ 1959ರಿಂದ ಬರುತ್ತಿರುವ ಟಬಾಕ್ ಪರಿಮಳದ 100 ಗ್ರಾಮಿನ ದಪ್ಪ ಕಡ್ಡಿ. ಸ್ಟುಟ್‌ಗಾರ್ಟಿನದೇ ಆದ ಸ್ಪೈಕ್. ವಾಲ್ಟರ್ ರಾವ್ 1928ರಲ್ಲಿ ಕಟ್ಟಿದ ಕಂಪನಿ. ಆಲ್ಪ್ಸ್ ಪರ್ವತದ ಎತ್ತರದಲ್ಲಿ ಬೆಳೆಯುವ ಒಂದು ಜಾತಿಯ ವಲೇರಿಯನ್ ಗಿಡದ ಸಾರ ಅದರಲ್ಲಿ ಸೇರುತ್ತದೆ. ನನ್ನ ಕೈಗೆ ಬಂದ ಪೊಟ್ಟಣದ ಮೇಲೆ ತಾಳೆ ಎಣ್ಣೆಯ ಹೆಸರಿತ್ತು, ಟ್ಯಾಲೋ ಇರಲಿಲ್ಲ. ಇನ್ನು ಆರ್ಕೋ ಸಿಕ್ಕಿದ್ದು ತುರ್ಕಿ ಅಂಗಡಿಯಲ್ಲಿ. 1961ರ ಒಪ್ಪಂದದ ಮೇಲೆ ಕಾರ್ಖಾನೆಗಳಿಗೆ ಬಂದ ತುರ್ಕಿ ಜನ ಸ್ಟುಟ್‌ಗಾರ್ಟಿನಲ್ಲಿ ಬೇರೂರಿದ್ದಾರೆ. ತರಕಾರಿ, ಆಲಿವ್, ಬೇಳೆಕಾಳುಗಳ ಪಕ್ಕದಲ್ಲಿ 75 ಗ್ರಾಮಿನ ಆರ್ಕೋ ಕಡ್ಡಿ ಕಾಗದ ಸುತ್ತಿಕೊಂಡು ಕೂತಿರುತ್ತಿತ್ತು. ಡಬ್ಬಿಯಿಲ್ಲ, ತಿರುಪಿಲ್ಲ. ಅಂಗಡಿಯ ಯಜಮಾನರು ತಮ್ಮ ಗಲ್ಲ ಮುಟ್ಟಿಕೊಂಡು, ತಮ್ಮ ತಂದೆಯೂ ಇದನ್ನೇ ಬಳಸುತ್ತಿದ್ದರು ಎಂದು ಕೈಸನ್ನೆಯಲ್ಲಿ ತಿಳಿಸಿದ್ದು ನೆನಪಿದೆ. ಅವರ ಜರ್ಮನ್ನೂ ನನ್ನ ಜರ್ಮನ್ನೂ ಹೆಚ್ಚು ದೂರ ಹೋಗುತ್ತಿರಲಿಲ್ಲ.

ಒಂದೇ ನೀರು, ಒಂದೇ ಬ್ರಶ್ಶು, ಒಂದೇ ಬ್ಲೇಡಿನಲ್ಲಿ ಈ ಕಡ್ಡಿಗಳನ್ನು ಸರದಿಯಂತೆ ನೋಡಿದೆ. ಆರ್ಕೋ ಕೆನ್ನೆಗೆ ತಾಗುತ್ತಲೇ ಸೋಪು ಬಿಟ್ಟುಕೊಡುತ್ತದೆ. ಎರಡು ಎಳೆತಕ್ಕೆ ಸಾಕು, ನೊರೆ ದಟ್ಟ, ಕೊನೆಯವರೆಗೆ ಒಣಗದು. ಅದರ ನಿಂಬೆಹುಲ್ಲಿನಂಥ ವಾಸನೆ ಮಾತ್ರ ತೀಕ್ಷ್ಣ, ಸ್ನಾನದ ಕೋಣೆಯೆಲ್ಲ ತುಂಬುತ್ತದೆ. ಪೊಟ್ಟಣದ ಮೇಲೆ ಮೊದಲ ಹೆಸರೇ ಟ್ಯಾಲೋದಿಂದ ಮಾಡಿದ ಪೊಟ್ಯಾಷಿಯಂ ಸೋಪಿನದು. ಸಸ್ಯಾಹಾರದ ಮನೆಗೆ ಅದನ್ನು ತರಬಹುದೇ ಎಂಬುದು ಅವರವರು ತೀರ್ಮಾನಿಸಬೇಕಾದ ಮಾತು. ನಾನು ಅಮ್ಮನಿದ್ದ ಮನೆಗೆ ತರಲಿಲ್ಲ. ಪಾಮೋಲಿವ್ ಸೌಮ್ಯ, ಜಾರಿಕೆ ಚೆನ್ನ, ಕಡ್ಡಿ ಸಣ್ಣ. ಟಬಾಕ್ ಅತಿ ಶ್ರೀಮಂತ ನೊರೆ, ಆದರೆ ಅದರ ಪರಿಮಳ ಮಧ್ಯಾಹ್ನದವರೆಗೂ ಬೆನ್ನು ಬಿಡುವುದಿಲ್ಲ. ಊಟದ ಸಾರಿನ ಒಗ್ಗರಣೆಗೆ ಅಡ್ಡಬರುವ ಪರಿಮಳ ನನಗೆ ಬೇಡ. ಸ್ಪೈಕ್ ಕಡ್ಡಿಗೆ ತುಸು ಹೆಚ್ಚು ತಿಕ್ಕಬೇಕು, ನೀರನ್ನು ಮೆಲ್ಲನೆ ಕೊಡಬೇಕು. ಕೊಟ್ಟರೆ ಅದರ ನೊರೆ ಯಾವುದಕ್ಕೂ ಕಡಿಮೆಯಿಲ್ಲ, ತೊಳೆದ ಮೇಲೆ ಕೆನ್ನೆ ಬಿಗಿಯುವುದಿಲ್ಲ. ಅಲ್ಲಿದ್ದಷ್ಟು ದಿನ ನನ್ನ ಕಪಾಟಿನಲ್ಲಿ ನಿಂತದ್ದು ಅದು.

ಬೆಂಗಳೂರಿಗೆ ಮರಳಿದಾಗ ಸ್ಪೈಕ್ ಕೈಕೊಟ್ಟಿತು. ಸೋಪು ಅದೇ, ಕೈ ಅದೇ. ನಗರದ ಹೊರವಲಯದ ನಮ್ಮ ವಠಾರಕ್ಕೆ ಕಾವೇರಿ ಬಂದಿರಲಿಲ್ಲ, ಆಳದ ಕೊಳವೆಬಾವಿಯ ನೀರೇ ಗತಿ. ಅದು ಕೈಕೊಟ್ಟಾಗ ಟ್ಯಾಂಕರು. ಟ್ಯಾಂಕರಿನದೂ ಬೇರೊಬ್ಬರ ಕೊಳವೆಬಾವಿಯ ನೀರೇ. ಒಂದು ಸೀಸೆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಿದೆ, ಗಡಸುತನ ಲೀಟರಿಗೆ 480 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ 200ನ್ನು ಒಪ್ಪಬಹುದಾದ ಮಿತಿ ಎಂದಿಟ್ಟು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಬಿಡುತ್ತದೆ. ನಮ್ಮ ನೀರು ಬೋಡೆನ್‌ಸೇ ನೀರಿಗಿಂತ ಮೂರು ಪಟ್ಟು ಗಡಸು. ಕುಕ್ಕರಿನಲ್ಲಿ ಬೇಳೆಗೆ ಎರಡು ಸೀಟಿ ಹೆಚ್ಚು ಬೇಕೆಂದು ಮನೆಯಾಕೆ ಆ ವಾರವೇ ಹೇಳಿದ್ದಳು.

ಆಗ ನಾನು ಕಡ್ಡಿ ಆರಿಸುವ ರೀತಿಯನ್ನು ಮತ್ತೆ ಮೊದಲಿನಿಂದ ನೋಡಿದೆ. ಪೊಟ್ಟಣ ತಿರುಗಿಸಿದರೆ ನನ್ನ ಕಣ್ಣು ಮೊದಲು ಹುಡುಕುವುದು ಪೊಟ್ಯಾಷಿಯಂ ಸೋಪಿನ ಹೆಸರನ್ನು; ಅದು ಪಟ್ಟಿಯ ಮೊದಲ ಎರಡು ಹೆಸರಿನಲ್ಲಿ ಇರಬೇಕು. ಬರೀ ಸೋಡಿಯಂ ಹೆಸರುಗಳೇ ಇದ್ದರೆ ಅದು ಕಡ್ಡಿಯ ಆಕಾರದಲ್ಲಿರುವ ಸ್ನಾನದ ಸೋಪು, ಯಾವ ಹೆಸರಿನಲ್ಲಿ ಬಂದರೂ ಕೆಳಗಿಡುತ್ತೇನೆ. ಸ್ಟಿಯರಿಕ್ ಆಮ್ಲ ಬೇರೆಯಾಗಿ ಸೇರಿದ್ದರೆ ಒಳ್ಳೆಯದು. ಗಡಸು ನೀರಿನ ಊರಿನವರು ಪಟ್ಟಿಯ ಕೊನೆಯಲ್ಲಿ ಇಡಿಟಿಎ ಅಥವಾ ಎಟಿಡ್ರಾನಿಕ್ ಆಮ್ಲದ ಹೆಸರಿದೆಯೇ ನೋಡಬೇಕು. ಅವು ನೀರಿನ ಸುಣ್ಣವನ್ನು ತಾವು ಹಿಡಿದುಕೊಂಡು ಸೋಪನ್ನು ಉಳಿಸುತ್ತವೆ. ಮೆದುನೀರಿನ ಮಲೆನಾಡಿನವರಿಗೆ ಅದರ ಚಿಂತೆ ಬೇಡ. ಪರಿಮಳ ಕೊನೆಗೆ. ಕೆನ್ನೆಯ ಮೇಲೆ ಮೂಗಿಗೆ ಇಷ್ಟು ಹತ್ತಿರ ಬೇರಾವ ಸೋಪೂ ಇಷ್ಟು ಹೊತ್ತು ಕೂರುವುದಿಲ್ಲ, ಹಾಗಾಗಿ ಮಂದವಾಗಿದ್ದಷ್ಟೂ ಹಿತ. ಸೂಕ್ಷ್ಮ ಚರ್ಮದವರಿಗೆ ಉರಿ ಬರುವುದು ಎಷ್ಟೋ ಸಲ ಸೋಪಿನಿಂದಲ್ಲ, ಪರಿಮಳದ್ರವ್ಯದಿಂದ.

ನೀರನ್ನೂ ಸರಿಪಡಿಸಿಕೊಂಡೆ. ಅಮ್ಮನ ಹಂಡೆಯ ಜಾಗದಲ್ಲಿ ಈಗ ಅಡುಗೆಮನೆಯ ಶುದ್ಧೀಕರಣ ಯಂತ್ರವಿದೆ. ಅದರ ಒಂದು ಲೋಟ ನೀರನ್ನು ಬಿಸಿ ಮಾಡಿಕೊಂಡರೆ ಇಡೀ ಗಡ್ಡ ನೆನೆದು, ನೊರೆ ಎದ್ದು, ಎರಡನೆಯ ಸುತ್ತಿಗೂ ಉಳಿಯುತ್ತದೆ. ಬ್ಲೇಡು ತೊಳೆಯಲು ನಲ್ಲಿಯ ನೀರು ಸಾಕು. ಹೀಗೆ ಮಾಡಿದ ಮೇಲೆ ಸ್ಪೈಕ್ ಮೊದಲಿನಂತಾಯಿತು. ಕಡ್ಡಿಯನ್ನು ಒದ್ದೆಯಾಗಿ ಡಬ್ಬಿಯೊಳಗೆ ಮುಚ್ಚಬಾರದು ಎಂಬುದನ್ನು ಮಳೆಗಾಲದಲ್ಲಿ ಮರೆಯಬಾರದು; ಮುಚ್ಚಿದರೆ ತಲೆ ಮೆತ್ತಗಾಗಿ ಒಂದೇ ವಾರಕ್ಕೆ ಅರ್ಧ ಕರಗುತ್ತದೆ. ಬುಡದ ಮೇಲೆ ನಿಲ್ಲಿಸಿ ಗಾಳಿಗೆ ಬಿಟ್ಟರೆ ಒಂದು ಕಡ್ಡಿ ತಿಂಗಳುಗಟ್ಟಲೆ ಬರುತ್ತದೆ. ಹಂದಿಕೂದಲ ಬ್ರಶ್ಶಾಗಲಿ, ಈಗಿನ ಕೃತಕ ಎಳೆಯ ಬ್ರಶ್ಶಾಗಲಿ ನಡೆಯುತ್ತದೆ. ಸೋಪು ಆಗಲೇ ಕೆನ್ನೆಯ ಮೇಲಿರುವುದರಿಂದ ಕಡ್ಡಿಗೆ ದುಬಾರಿ ಬ್ರಶ್ಶು ಬೇಕಿಲ್ಲ.

ನಮ್ಮ ಅಂಗಡಿಗಳಲ್ಲಿ ಈಗ ಕಡ್ಡಿ ಸಿಗುವುದು ಅಪರೂಪ. ತರಿಸಿಕೊಳ್ಳಬೇಕು, ತೆರಿಗೆ ಸೇರಿ ಬೆಲೆ ಎರಡು ಮೂರು ಪಟ್ಟಾಗುತ್ತದೆ. ಇದು ನನಗೆ ಬೇಸರದ ಸಂಗತಿ. ಸರ್ಕಾರವೇ ಸೋಪು ಕಾರ್ಖಾನೆ ತೆರೆದ ನಾಡು ನಮ್ಮದು. ಸೋಪಿನ ವಿದ್ಯೆ ಕಲಿತು ಬರಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಲಂಡನ್ನಿಗೆ ಕಳಿಸಿ, ಅವರು ಕಲಿತು ಬಂದ ಮೇಲೆ 1918ರಲ್ಲಿ ಗಂಧದೆಣ್ಣೆಯ ಸೋಪನ್ನು ಮಾರುಕಟ್ಟೆಗೆ ಬಿಟ್ಟ ಸಂಸ್ಥಾನ ನಮ್ಮದು. ಗಂಧದ ಮಂದ ಪರಿಮಳಕ್ಕಿಂತ ಗಡ್ಡದ ನೊರೆಗೆ ಒಪ್ಪುವ ಪರಿಮಳ ಇಲ್ಲ. ಯುರೋಪಿನ ಎಷ್ಟೋ ಕಂಪನಿಗಳು ಗಂಧದ ಹೆಸರಿನ ಗಡ್ಡದ ಸೋಪು ಮಾಡಿ ಮಾರುತ್ತವೆ. ಆ ಹಳೆಯ ಕಾರ್ಖಾನೆಯ ಗಂಧದ ಕಡ್ಡಿಯೊಂದು ನನ್ನ ಕೈಗೆ ಇದುವರೆಗೆ ಸಿಕ್ಕಿಲ್ಲ.

ಯಾರಾದರೂ ಮಾಡುವುದಾದರೆ ಹೀಗಿರಲಿ ಎಂದು ಆಗಾಗ ಅಂದುಕೊಳ್ಳುತ್ತೇನೆ. ತಾಳೆಯಿಂದ ತೆಗೆದ ಸ್ಟಿಯರಿಕ್ ಆಮ್ಲ ಧಾರಾಳವಾಗಿ, ತೆಂಗಿನೆಣ್ಣೆ ಸ್ವಲ್ಪ, ಎರಡೂ ಕ್ಷಾರ ಸೇರಿ, ಗ್ಲಿಸರಿನ್ನನ್ನು ಹೊರತೆಗೆಯದೆ ಬಿಟ್ಟದ್ದು. ಉರುಳೆಗಳ ನಡುವೆ ಚೆನ್ನಾಗಿ ಅರೆದು ಗಟ್ಟಿ ಮಾಡಿದ್ದು, 50 ಗ್ರಾಂ, ಹೆಬ್ಬೆರಳಿಗಿಂತ ತುಸು ದಪ್ಪ. ಪೊಟ್ಟಣದ ಹಿಂದೆ ಮೆದುನೀರಿಗೆ ಎಷ್ಟು ಎಳೆತ, ಗಡಸು ನೀರಿಗೆ ಎಷ್ಟು ಎಂದು ಕನ್ನಡದಲ್ಲಿ ಅಚ್ಚಾಗಿರಬೇಕು. ಬೆಲೆ ಚಳ್ಳಕೆರೆಯ ಅಂಗಡಿಯಲ್ಲೂ ಮಾರಾಟವಾಗುವಂತಿರಬೇಕು. ಪ್ಲಾಸ್ಟಿಕ್ ಡಬ್ಬಿ ಬೇಡ, ಕಾಗದ ಸಾಕು.